ಮೂರನೆಯ ಸೆನ್ಸರ್

ಮಹಾಪೆಯ ಒಂದು ಗ್ಯಾರೇಜಿನಲ್ಲಿ ಪೆಟ್ರೋಲಿನ ಜೊತೆಗೆ ದುಬಾರಿ ದೊಡ್ಡ ಬ್ಯಾಟರಿಯಿಂದಲೂ ಓಡುವ ಹೈಬ್ರಿಡ್ ಕಾರು ರಿಪೇರಿ ಮಾಡುವ ಉಡುಪಿ ಕಡೆಯ ಮೆಕ್ಯಾನಿಕ್ ಒಬ್ಬರಿದ್ದರು. ಗಾಡಿ ಮುಟ್ಟುವ ಮೊದಲು ಮೊಣಕೈವರೆಗೂ ಕೈ ಒರೆಸಿಕೊಳ್ಳುವರು. ಬಿಸಿ ಚಹಾಕ್ಕೂ ಸಿಟ್ಟಾದ ಗಿರಾಕಿಗೂ ಅವರದ್ದು ಒಂದೇ ಮಾತು: "ಸ್ವಲ್ಪ ತಣಿಯಲಿ ಮಾರಾಯ್ರೆ."

ಒಮ್ಮೆ ಮಾತ್ರ ಅವರೇ ಅವಸರ ಮಾಡಿದರು. ನನ್ನ ಹಳೆಯ ಹೈಬ್ರಿಡ್ ಕಾರಿನಲ್ಲಿ ಬ್ಯಾಟರಿ ಕಾದಿದೆಯೆಂಬ ಎಚ್ಚರಿಕೆ ದೀಪ ಹತ್ತಿತ್ತು. ಸ್ಕ್ಯಾನರ್ ನೋಡಿ, "ಬ್ಯಾಟರಿ ಹೋಯ್ತು," ಎಂದರು. ಹೊಸದು ಹಾಕಿಸುವ ತಾಕತ್ತಿಲ್ಲದೆ, ಮನಸ್ಸಿಲ್ಲದಿದ್ದರೂ ಕಾರು ಮಾರಲು ಹೊರಟೆ.

ಕೊಳ್ಳುವವರು ಬರಬೇಕಿದ್ದ ದಿನ ಬೆಳಿಗ್ಗೆ ಮೆಕ್ಯಾನಿಕ್ ತಾವು ಹೇಳಿದ್ದರಲ್ಲೇ ಸಂಶಯ ಬಂದು ಐರೋಲಿಯ ನಮ್ಮ ಬಿಲ್ಡಿಂಗಿಗೆ ಬಂದರು. "ಸ್ಟಾರ್ಟ್ ಮಾಡ್ಬೇಡಿ. ರಾತ್ರಿಯಿಡೀ ನಿಂತ ಗಾಡಿಯಲ್ಲಿ ಎಲ್ಲ ಸೆನ್ಸರೂ ಒಂದೇ ಬಿಸಿ ತೋರಿಸ್ಬೇಕು," ಎಂದು ಸ್ಕ್ಯಾನರ್ ಜೋಡಿಸಿದರು. ಬ್ಯಾಟರಿಯ ಎರಡು ಸೆನ್ಸರ್ ಬೆಳಗಿನ ತಂಪನ್ನೇ ತೋರಿಸಿದವು. ಮೂರನೆಯದು ಮಾತ್ರ ಅರವತ್ತು ಡಿಗ್ರಿ ಎನ್ನುತ್ತಿತ್ತು.

ಅಷ್ಟರಲ್ಲಿ ಕೊಳ್ಳುವವರು ತಮ್ಮ ಕಾರಿನಲ್ಲಿ ಬಂದಿಳಿದರು. ಮೆಕ್ಯಾನಿಕ್ ಅವರೆದುರೇ ನನಗೆ ಹೇಳಿದರು: "ಬ್ಯಾಟರಿ ಸರಿ ಉಂಟು. ಕೆಟ್ಟದ್ದು ಒಂದು ಸೆನ್ಸರ್. ತಪ್ಪು ಹೇಳಿದ್ದು ನಾನು."

ನಾನು ಅದನ್ನೇ ಬಂದವರಿಗೆ ಹಿಂದಿಯಲ್ಲಿ ತಿಳಿಸಿ, ಕಾರು ಮಾರುವುದಿಲ್ಲ ಎಂದೆ. ಅವರು ಬೇಸರಪಡದೆ ಮೆಕ್ಯಾನಿಕ್ ಕಡೆ ತಿರುಗಿ, "ಆಪ್ಕಾ ಗ್ಯಾರೇಜ್ ಕಿಧರ್ ಹೈ?" ಎಂದು ಗ್ಯಾರೇಜ್ ಇರುವ ಜಾಗ ಕೇಳಿದರು. ಆಮೇಲೆ ತಮ್ಮ ಕಾರನ್ನೂ ತೋರಿಸಲು ಮೆಕ್ಯಾನಿಕ್ ಅವರ ಸ್ಕೂಟರಿನ ಹಿಂದೆಯೇ ಹೊರಟರು.