ಕುಣಿಗಲ್ಲಿನ ಮುದ್ದೆ ಹೋಟೆಲಿನಲ್ಲೊಂದು ಮೊಬೈಲು

ತುಮಕೂರಿನ ಬಸ್ಸು ತಡವೆಂದು ಕುಣಿಗಲ್ ಸ್ಟ್ಯಾಂಡಿನ ಎದುರಿನ ಮುದ್ದೆ ಹೋಟೆಲಿಗೆ ಹೊಕ್ಕೆ. ನನ್ನೆದುರು ಕೂತ ಹುಡುಗ ಕೀನ್ಯಾದವನು, ತುಮಕೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಾನೆ. ಅವನ ತಾಯಿ ಮುಸುಕಿನಜೋಳದ ಹಿಟ್ಟಿನಲ್ಲಿ ಇಂಥದ್ದೇ ಮುದ್ದೆ ಮಾಡುತ್ತಾಳಂತೆ. ಮನೆ ನೆನಪಾದಾಗ ಇಲ್ಲಿಗೆ ಬರುತ್ತಾನಂತೆ.

ಅವನು ತುತ್ತು ಮುರಿದದ್ದೇ ತಡ, ಪಕ್ಕದ ಟೇಬಲ್ಲಿನ ಗಂಡಸೊಬ್ಬ ಎದ್ದು ಬಂದು ಫೋಟೊಗೆಂದು ಅವನ ಮುಖಕ್ಕೇ ಮೊಬೈಲು ಹಿಡಿದ. "ಅಗೀಬ್ಯಾಡ ಕಣೋ, ನುಂಗು! ಹಾಂ, ಈ ಕಡೆ ನೋಡು."

ತೆಗೆಯಲೇ ಎಂದು ಒಂದು ಮಾತು ಕೇಳಬಾರದೆ? ನಮ್ಮ ಮನೆಗಳಲ್ಲಿ ಉಣ್ಣುವವರ ತಟ್ಟೆಯನ್ನು ದಿಟ್ಟಿಸಿದರೇ ಬೈಯುತ್ತಾರೆ. ನಾನು ರೇಗುವ ಮೊದಲೇ ಹುಡುಗ ತುತ್ತು ಹಿಡಿದುಕೊಂಡೇ ಮೆಲ್ಲಗೆ ಹೇಳಿದ: "ಊಟ ಮಾಡೋಕ್ ಬುಡಣ್ಣ."

ಮೊಬೈಲಿನವನ ಮುಖ ಅರಳಿತು. "ಅಯ್ಯೋ, ಕನ್ನಡ ಮಾತಾಡ್ತಾನೆ ಕಣ್ರೋ! ತಡಿ, ಇನ್ನೊಂದ್ ಸಲ ಹೇಳು, ವಿಡಿಯೋ ಮಾಡ್ಕೊತೀನಿ."