ಆ ಉತ್ತರಾಯಣದ ಕೌದಿ

ಆಗೆಲ್ಲ ವಡೋದರಾದ ನಮ್ಮ ಓಣಿಯಲ್ಲಿ ಜನವರಿ ಬಂತೆಂದರೆ ಮನೆಯೊಳಗೆ ಯಾರೂ ಇರುತ್ತಿರಲಿಲ್ಲ, ಎಲ್ಲರೂ ಗಾಳಿಪಟ ಹಿಡಿದು ಮಾಳಿಗೆಯ ಮೇಲೆ. ಶಾಲೆಯಿಂದ ಬಂದವರೇ ಚೀಲ ಬಿಸಾಡಿ ಮೇಲೆ ಓಡುತ್ತಿದ್ದೆವು. ಕೆಳಗಿನ ಅಡುಗೆಮನೆಗಳಿಂದ ಹಬ್ಬದ ಪಲ್ಯ ಊಂಧಿಯುವಿನ ಹಸಿ ಬೆಳ್ಳುಳ್ಳಿ ಘಮ ಏರಿಬರುತ್ತಿತ್ತು. ಯಾರದಾದರೂ ಪಟ ಕಡಿದರೆ ಇಡೀ ಓಣಿ 'ಲಪೇಟ್, ಲಪೇಟ್', ದಾರ ಸುತ್ತಿಕೋ, ಎಂದು ಕೂಗಿ ಕುಣಿಯುತ್ತಿತ್ತು.

ಅಪ್ಪನ ಬ್ಯಾಂಕ್ ಕೆಲಸದಿಂದಾಗಿ ಧಾರವಾಡ ಬಿಟ್ಟು ಬಂದವರು ನಾವು. ನನ್ನ ತಮ್ಮ ಪವನ ವಡೋದರಾದಲ್ಲೇ ಬೆಳೆದವನು, ಅವನ ಕನ್ನಡ ಅರ್ಧಂಬರ್ಧ. ಆ ವರ್ಷ ದೀಪಾವಳಿಗೆ ಊರಿಗೆ ಹೋದಾಗ ಅಜ್ಜಿ ತನ್ನ ಹಳೆಯ ಇಳಕಲ್ ಸೀರೆಗಳಿಂದ ಅವನಿಗೊಂದು ಕೌದಿ ಹೊಲಿದುಕೊಟ್ಟಿದ್ದಳು. ನುಸಿ ಹಿಡಿಯಬಾರದೆಂದು ಮಡಿಕೆ ಮಡಿಕೆಗೂ ಡಾಂಬರ್ ಗುಳಿಗೆ ಸುರಿದಿದ್ದಳು. ಉತ್ತರಾಯಣದ ಹಬ್ಬಕ್ಕೆ ಮೊದಲು ಚಳಿ ಜೋರಾದಾಗ ಅವ್ವ ಅದನ್ನು ಪೆಟ್ಟಿಗೆಯಿಂದ ತೆಗೆದಳು. ಬಿಸಿಲಿಗೆ ಹಾಕೋಣವೆಂದರೆ ಮಾಳಿಗೆ ತುಂಬ ಪಟದ ದಾರ, ಕಾಲಿಡಲೂ ಜಾಗವಿಲ್ಲ. ಗುಳಿಗೆ ಕೊಡವಿ ಹಾಗೇ ಹೊದಿಸಿದಳು. ಪವನ ಅದನ್ನು ತಲೆಯ ಮೇಲೆ ಎಳೆದುಕೊಂಡು ದಿನವೂ ಸುಖವಾಗಿ ನಿದ್ದೆ ಮಾಡಿದ.

ಹಬ್ಬದ ಮರುದಿನ ಅವನು ದಾರ ಸುತ್ತುವ ಫಿರ್ಕಿ ಹಿಡಿಯಲು ಒಲ್ಲೆನೆಂದು ಮೂಲೆಯಲ್ಲಿ ಕುಳಿತುಬಿಟ್ಟ. ಮುಖ ಸುಣ್ಣದ ಹಾಗೆ ಬೆಳ್ಳಗಾಗಿತ್ತು, ಕಣ್ಣು ಹಳದಿ. ಬಚ್ಚಲಿಂದ ಅವ್ವನನ್ನು ಕೂಗಿದ. ಹೋಗಿ ನೋಡಿದರೆ ಮೂತ್ರ ಹಾಲಿಲ್ಲದ ಚಹಾದ ಬಣ್ಣ.

"ಕಾಮಣಿ ಆಗೇತ್ರಿ," ಎಂದಳು ಅವ್ವ. "ಇವತ್ತ ಗಾಡಿ ಹಿಡಿದು ಊರಿಗೆ ಹೋಗೂಣು. ಅಲ್ಲಿ ಔಷಧ ಹಾಕಿಸಿದ್ರ ಇಳೀತೈತಿ."

"ಮೊದಲು ಇಲ್ಲೆ ಯಾರಿಗರೆ ತೋರಸೂಣು," ಎಂದರು ಅಪ್ಪ.

ಅಲ್ಕಾಪುರಿ ಬಡಾವಣೆಯಲ್ಲಿ ಮಕ್ಕಳ ಡಾಕ್ಟರೊಬ್ಬರಿದ್ದರು, ವಯಸ್ಸಾದ ಹೆಂಗಸು, ಎಲ್ಲರೂ ಮೀನಾಬೆನ್ ಎನ್ನುತ್ತಿದ್ದರು. ಅವರು ಪವನನ ಕೆಳರೆಪ್ಪೆ ಎಳೆದು ನೋಡಿದರು, ನಾಲಗೆ ನೋಡಿದರು, ಹೊಟ್ಟೆ ಒತ್ತಿದರು. ಹಿಂದಿಯಲ್ಲಿ ಅವರು ಹೇಳಿದ್ದು ನನಗೆ ಇವತ್ತಿಗೂ ಬಾಯಿಪಾಠ: "ಇದು ಬರೀ ಕಾಮಾಲೆಯಲ್ಲ. ಮೈಯೊಳಗೇ ರಕ್ತ ಒಡೆಯುತ್ತಿದೆ. ಬೇರೆ ರಕ್ತ ಕೊಡಬಹುದು, ಆದರೆ ಯಾವುದರಿಂದ ಹೀಗಾಯಿತೆಂದು ತಿಳಿಯದಿದ್ದರೆ ಅದೂ ಒಡೆದೀತು. ಹಬ್ಬದ ದಿನಗಳಲ್ಲಿ ಇವನು ತಿಂದದ್ದು, ಮುಟ್ಟಿದ್ದು ಎಲ್ಲ ತನ್ನಿ."

ತಮ್ಮ ಉಳಿಯುವನೋ ಇಲ್ಲವೋ ಎಂಬ ಹೆದರಿಕೆ ನನಗೆ. ಅದರ ಜೊತೆಗೇ ಪತ್ತೇದಾರಿ ಕೆಲಸ ಸಿಕ್ಕ ಹುರುಪು ಬೇರೆ. ಅಪ್ಪನ ಸ್ಕೂಟರಿನ ಹಿಂದೆ ಕುಳಿತು, ರಸ್ತೆಗಡ್ಡ ಬಿದ್ದ ದಾರಗಳಿಗೆ ತಲೆ ತಗ್ಗಿಸುತ್ತ ಮನೆಗೆ ಹಾರಿದೆವು. ಪಟದ ಬಣ್ಣದ ದಾರ ಮಾಂಜಾ, ಪಟ, ಎಳ್ಳಿನ ಚಿಕ್ಕಿ, ಊಂಧಿಯುವಿಗೆ ತಂದು ಉಳಿದಿದ್ದ ಅವರೆಯಂಥ ಪಾಪಡಿ ಕಾಯಿ, ಕೆಮ್ಮಿನ ಔಷಧ ಎಲ್ಲವನ್ನೂ ಚೀಲಕ್ಕೆ ತುರುಕಿದೆ. ಹುಡುಗನಿಗೆ ನಡುಕ ಬಂದಿದೆ, ಹೊದೆಯಲು ತನ್ನಿ ಎಂದು ಅವ್ವ ಹೇಳಿದ್ದರಿಂದ ಕೌದಿಯನ್ನೂ ಹೊತ್ತುಕೊಂಡೆ.

ಮೀನಾಬೆನ್ ಒಂದೊಂದನ್ನೂ ಕೈಗೆತ್ತಿಕೊಂಡರು. ಪಾಪಡಿ ಹಿಡಿದು ಕೇಳಿದರು, "ಇದನ್ನು ಮೊದಲೂ ತಿಂದಿದ್ದಾನೆಯೇ?"

"ಪ್ರತಿ ಚಳಿಗಾಲಕ್ಕೂ ತಿಂತಾನೆ," ಎಂದೆ.

"ಹಾಗಾದರೆ ಇದಲ್ಲ."

ಮಾಂಜಾವೂ ಅಲ್ಲ, ಔಷಧವೂ ಅಲ್ಲ. ಚೀಲ ಬರಿದಾಯಿತು, ನನಗೆ ಅಳು ಬಂತು. ಅಷ್ಟರಲ್ಲಿ ಅವ್ವ ಪವನನಿಗೆ ಕೌದಿ ಹೊದಿಸಿದ್ದಳು. ಎದೆ ಪರೀಕ್ಷಿಸಲು ಬಗ್ಗಿದ ಡಾಕ್ಟರು ಅಲ್ಲೇ ನಿಂತರು. ಕೌದಿ ಮೂಸಿದರು. ಅವನ ಕೂದಲು ಮೂಸಿದರು.

"ಇದನ್ನು ಯಾವಾಗಿಂದ ಹೊದೆಯುತ್ತಿದ್ದಾನೆ?"

"ಈ ಹಬ್ಬಕ್ಕೇ ತೆಗೆದದ್ದು. ಅಜ್ಜಿ ಕೊಟ್ಟಳು," ಎಂದೆ.

ಅವರೇ ಕೌದಿಯನ್ನು ಎಳೆದು ಹೊರಗೆ ಒಗೆದರು. "ಡಾಮರ್‌ನೀ ಗೋಳಿ," ಎಂದರು. ಅವ್ವನಿಗೆ ಯಾರೂ ಅದನ್ನು ಕನ್ನಡದಲ್ಲಿ ಹೇಳಬೇಕಾಗಲಿಲ್ಲ.

ಕೆಲವು ಮಕ್ಕಳ ರಕ್ತದಲ್ಲಿ ಹುಟ್ಟಿನಿಂದಲೇ ಒಂದು ಅಂಶ ಕಡಿಮೆಯಂತೆ. ಉಳಿದಂತೆ ಗಟ್ಟಿಮುಟ್ಟಾಗಿಯೇ ಇರುತ್ತಾರೆ, ಆದರೆ ಆ ಗುಳಿಗೆಯ ಗಾಳಿ, ಕೆಲವು ಔಷಧ ಅವರಿಗೆ ವಿಷ. ಮುಂದೆ ಮಾಡಿದ ಪರೀಕ್ಷೆಯಲ್ಲಿ ಅದೇ ನಿಜವೆಂದು ತಿಳಿಯಿತು. ಅವತ್ತು ಊರಿಗೆ ಹೊರಟಿದ್ದರೆ ದಾರಿಯುದ್ದಕ್ಕೂ ಅದೇ ಕೌದಿ ಹೊದಿಸುತ್ತಿದ್ದೆವು.

ಪವನನಿಗೆ ಅಪ್ಪನ ರಕ್ತ ಹೊಂದಿತು. ಕೆಲವು ದಿನಗಳ ನಂತರ ಮೂತ್ರ ತಿಳಿಯಾದಾಗ ಅವನು ಆಸ್ಪತ್ರೆಯವರನ್ನೆಲ್ಲ ಕರೆದು ಬಾಟಲಿ ತೋರಿಸಿದ. ಅವ್ವ ನಗುತ್ತಲೇ ಅತ್ತುಬಿಟ್ಟಳು. ನಾನು ಮೆಟ್ಟಿಲಿನ ಮೇಲೆ ಕುಣಿದೆ.

"ಅಜ್ಜಿಗೆ ಹೇಳಬ್ಯಾಡ್ರಿ," ಎಂದಳು ಅವ್ವ ಮನೆಗೆ ಬಂದಮೇಲೆ. "ಎದಿ ಒಡಕೊಂಡಾಳು." ಕೌದಿಯನ್ನು ವಾರಗಟ್ಟಲೆ ಬಿಸಿಲಿಗೆ ಹಾಕಿ ಕೆಳಮನೆಯ ಮುದುಕಿಗೆ ಕೊಟ್ಟೆವು.

ಅಲ್ಲಿಂದ ಮುಂದೆ ಪ್ರತಿ ಚಳಿಗಾಲ ಕಾಕಾನ ಮನೆಯಿಂದ ಅಜ್ಜಿ ಫೋನ್ ಮಾಡುತ್ತಿದ್ದಳು. "ಕೌದಿ ಬೆಚ್ಚಗೈತಿಲ್ಲೋ, ಕೂಸ?"

ಕನ್ನಡದಲ್ಲಿ ಒಂದು ವಾಕ್ಯ ನೆಟ್ಟಗೆ ಆಡಲು ಬಾರದ ಪವನ ಒಂದಿಷ್ಟೂ ತಡವರಿಸದೆ ಹೇಳುತ್ತಿದ್ದ: "ಭಾಳ ಬೆಚ್ಚಗೈತಿ, ಅಜ್ಜಿ."

ಈಗ ಅವನು ಸೂರತ್ತಿನ ಉಧ್ನಾದಲ್ಲಿ ಬಟ್ಟೆ ಕಾರ್ಖಾನೆಯ ಎಂಜಿನಿಯರು. ಉತ್ತರಾಯಣಕ್ಕೆ ಫೋನ್ ಮಾಡಿದರೆ ನಾವಿಬ್ಬರೂ ಮಾತಾಡುವುದು ಹಿಂದಿಯಲ್ಲೇ. ಅಜ್ಜಿ ಹೋದಮೇಲೆ, ಕನ್ನಡದಲ್ಲೇ ಉತ್ತರ ಕೊಡಬೇಕಾದ ಪ್ರಶ್ನೆಯನ್ನು ಅವನಿಗೆ ಯಾರೂ ಕೇಳಿಲ್ಲ.