ನಾನು ಇಳಿಸಿದ ವಿಮಾನ

ನನ್ನ ಯಜಮಾನರಿಗೆ ಲಕ್ವಾ ಹೊಡೆದದ್ದು ಬಾಲಾನಗರದ ಕಾರ್ಖಾನೆಯ ಕ್ಯಾಂಟೀನಿನಲ್ಲಿ, ಊಟದ ತಟ್ಟೆ ಹಿಡಿದು ನಿಂತಿದ್ದಾಗ. ಆಗ ಅವರಿಗೆ ಐವತ್ತಮೂರು. ವಿಮಾನದೊಳಗೆ ಕೂರಿಸುವ ಮೀಟರುಗಳನ್ನು ಒಂದೊಂದಾಗಿ ಮೇಜಿನ ಮೇಲಿಟ್ಟು ಪರೀಕ್ಷಿಸುವುದು ಅವರ ಇಪ್ಪತ್ತಾರು ವರ್ಷದ ಕೆಲಸ. ಎತ್ತರ ತೋರಿಸುವ ಮುಳ್ಳು ಕೂದಲೆಳೆಯಷ್ಟು ಆಚೀಚೆಯಾದರೂ ಅವರ ಕಣ್ಣಿಗೆ ಬೀಳುತ್ತಿತ್ತು. ಆಸ್ಪತ್ರೆಯಿಂದ ಮನೆಗೆ ಬಂದಾಗ ಬಲಗಾಲು ಎಳೆದುಕೊಂಡು ನಡೆಯುತ್ತಿದ್ದರು. ಬಲಗೈ ತೊಡೆಯ ಮೇಲೆ ಸುಮ್ಮನೆ ಬಿದ್ದಿರುತ್ತಿತ್ತು. ಮಾತು ಎರಡು ತಿಂಗಳಲ್ಲಿ ಸರಿಹೋಯಿತು. ಕೆಲಸಕ್ಕೆ ಮತ್ತೆ ಹೋಗಲಾಗಲಿಲ್ಲ.

ನಮಗೆ ಮಕ್ಕಳಿಲ್ಲ. ಮದುವೆಯಾಗಿ ಗದಗಿನಿಂದ ಹೈದರಾಬಾದಿಗೆ ಬಂದ ದಿನದಿಂದ ಮನೆಯಲ್ಲಿ ಇದ್ದದ್ದು ನಾವಿಬ್ಬರೇ. ಆ ವರ್ಷಗಳಲ್ಲಿ ನಮ್ಮ ಓಣಿಯ ಮನೆಗಳೆಲ್ಲ ಮಹಡಿಯ ಮೇಲೆ ಮಹಡಿ ಎಬ್ಬಿಸಿ ಸಾಫ್ಟ್‌ವೇರ್ ಹುಡುಗರ ಹಾಸ್ಟೆಲ್ ಆಗುತ್ತಿದ್ದವು. ನಾವೂ ಮೇಲಿನ ಕೋಣೆಯನ್ನು ಕುಂದಾಪುರದ ಕಡೆಯ ಹುಡುಗಿಯೊಬ್ಬಳಿಗೆ ಬಾಡಿಗೆಗೆ ಕೊಟ್ಟೆವು. ಬೆಳಿಗ್ಗೆ ಕಂಪನಿಯ ಕ್ಯಾಬು ಬಂದು ಅವಳನ್ನು ಹೈಟೆಕ್ ಸಿಟಿಗೆ ಕರೆದೊಯ್ಯುತ್ತಿತ್ತು. ರಜೆಯ ದಿನ ಕೆಳಗಿಳಿದು ನಮ್ಮೊಂದಿಗೆ ರೊಟ್ಟಿ ತಿನ್ನುತ್ತಿದ್ದಳು.

ವ್ಯಾಯಾಮ ಮಾಡಿಸಲು ಬರುತ್ತಿದ್ದ ಫಿಜಿಯೋಥೆರಪಿಯ ತರುಣ ಒಂದು ರಬ್ಬರ್ ಚೆಂಡು ಕೊಟ್ಟು ದಿನಕ್ಕೆ ನೂರು ಸಲ ಹಿಸುಕಿ ಎಂದಿದ್ದ. ಇವರು ಅದನ್ನು ಎಡಗೈಯಲ್ಲಿ ಎತ್ತಿ ಅಂಗಳಕ್ಕೆ ಎಸೆದರು.

"ಕೂಸಿನ ಆಟಿಗಿ ಕೊಟ್ಟು ಕುಂದರಸ್ತಾರ ನನ್ನ," ಎಂದರು.

ಮೆಟ್ಟಿಲ ಮೇಲೆ ನಿಂತಿದ್ದ ಹುಡುಗಿ ಅದನ್ನು ಕೇಳಿಸಿಕೊಂಡಳು. ಮುಂದಿನ ಭಾನುವಾರ ತನ್ನ ಹಳೆಯ ಕಂಪ್ಯೂಟರನ್ನು ಕೆಳಗೆ ತಂದು ನಡುಮನೆಯ ಮೇಜಿನ ಮೇಲಿಟ್ಟಳು. ಜತೆಗೆ ವಿಮಾನದ ಹಿಡಿಕೆಯಂಥ ಒಂದು ಜಾಯ್‌ಸ್ಟಿಕ್. ಪರದೆಯ ಮೇಲೆ ವಿಮಾನದ ಮೂತಿಯ ಒಳಭಾಗ ಮೂಡಿತು. ಇವರು ಊರುಗೋಲು ಗೋಡೆಗೆ ಆನಿಸಿ, ಕುರ್ಚಿ ಎಳೆದುಕೊಂಡು, ಮೂಗು ಪರದೆಗೆ ತಾಗುವಷ್ಟು ಹತ್ತಿರ ಕೂತರು.

"ಇದು ಮಕ್ಕಳ ಆಟ ಅಲ್ಲ ಅಂಕಲ್," ಎಂದಳು ಅವಳು. "ನಿಜವಾದ ವಿಮಾನದಲ್ಲಿ ಎಷ್ಟು ಸ್ವಿಚ್ ಉಂಟೋ ಇದರಲ್ಲೂ ಅಷ್ಟೇ ಉಂಟು. ಒಂದು ಬಿಟ್ರೆ ಇಂಜಿನ್ ಶುರು ಆಗುದಿಲ್ಲ."

ಇವರು ಎತ್ತರದ ಮೀಟರಿನ ಮೇಲೆ ಬೆರಳಿಟ್ಟರು. "ಇದು ನಂದು," ಎಂದರು. ಕಾಯಿಲೆ ಬಿದ್ದ ಮೇಲೆ ಅವರ ಮುಖದಲ್ಲಿ ನಗು ಕಂಡದ್ದು ಅಂದೇ.

ವಿಮಾನದ ಕೈಪಿಡಿಯನ್ನು ಹುಡುಗಿ ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿ ಬೈಂಡ್ ಮಾಡಿಸಿಕೊಟ್ಟಳು. ಎರಡು ದಪ್ಪ ಸಂಪುಟ. ಒಂದೊಂದು ಕೆಲಸಕ್ಕೂ ಒಬ್ಬರು ಓದಬೇಕು, ಇನ್ನೊಬ್ಬರು ಮಾಡಬೇಕು ಎಂದು ಅದರಲ್ಲಿ ಬರೆದಿತ್ತು. ಓದುವವಳು ನಾನಾದೆ. ನಾನು ಕನ್ನಡ ಶಾಲೆಯಲ್ಲಿ ಹತ್ತನೆಯ ತನಕ ಕಲಿತವಳು. ಇಂಗ್ಲಿಷ್ ಅಕ್ಷರ ಕೂಡಿಸಿ "ಫ್ಯೂಯೆಲ್ ಪಂಪ್" ಎನ್ನುವೆ. ಅವರು ಗುಂಡಿ ಒತ್ತಿ "ಆನ್" ಎನ್ನುವರು. ತಪ್ಪು ಓದಿದರೆ ಬೈಯುವರು. ಬ್ಯಾಟರಿ ಹಾಕಿದ ಮೇಲೆ, ತಾನು ಎಲ್ಲಿದ್ದೇನೆ ಎಂಬುದನ್ನು ವಿಮಾನ ತಿಳಿದುಕೊಳ್ಳುವವರೆಗೆ ಹತ್ತು ನಿಮಿಷ ಅದನ್ನು ಅಲುಗಿಸದೆ ಬಿಡಬೇಕು. ಆ ಹೊತ್ತಿನಲ್ಲಿ ನಾನು ಹೋಗಿ ಕುಕ್ಕರ್ ಇಟ್ಟು ಬರುತ್ತಿದ್ದೆ. ಬಂದ ಕೂಡಲೇ ಕೇಳುತ್ತಿದ್ದರು, "ಮುಂದೇನೈತಿ ಓದ."

ಮೊದಲ ಸಲ ಎರಡು ಇಂಜಿನ್ನುಗಳೂ ತಿರುಗಲು ಮೂರು ವಾರ ಹಿಡಿಯಿತು. ನೆಲ ಬಿಟ್ಟೇಳಲು ಇನ್ನೊಂದು ತಿಂಗಳು. ಬೇಗಂಪೇಟೆಯ ನಿಲ್ದಾಣದಿಂದ ಹಾರಿ, ಊರಿಗೊಂದು ಸುತ್ತು ಹಾಕಿ, ಮತ್ತೆ ಅಲ್ಲಿಗೇ ಇಳಿಯುವುದು ಅವರ ಗುರಿ. ಆಗ ವಿಮಾನ ನಿಲ್ದಾಣ ಇನ್ನೂ ಶಂಷಾಬಾದಿಗೆ ಹೋಗಿರಲಿಲ್ಲ, ನಿಜವಾದ ವಿಮಾನಗಳು ನಮ್ಮ ಮಾಳಿಗೆಯ ಮೇಲೇ ಹಾದು ಇಳಿಯುತ್ತಿದ್ದವು. ಸದ್ದು ಕೇಳಿದರೆ ಇವರು ಕಣ್ಣು ಮುಚ್ಚಿ, "ಈಗ ಗಾಲಿ ಬಿಟ್ಟಾ ನೋಡ," ಎನ್ನುತ್ತಿದ್ದರು.

ಹಾರುವುದು ಬಂತು. ತಿರುಗಿಸುವುದು ಬಂತು. ಇಳಿಸುವುದು ಮಾತ್ರ ಬರಲಿಲ್ಲ. ತಾನಾಗಿಯೇ ಹಾರಿಸುವ ಆಟೋಪೈಲಟ್ ಯಂತ್ರವನ್ನು ಬಿಡಿಸಿ ವಿಮಾನವನ್ನು ಕೈಗೆ ತೆಗೆದುಕೊಂಡ ಕೂಡಲೇ ಅದು ಎಡಕ್ಕೋ ಬಲಕ್ಕೋ ವಾಲಿ ರನ್‌ವೇಯ ಪಕ್ಕದ ಹುಲ್ಲಿಗೆ ಬೀಳುತ್ತಿತ್ತು. ಹಿಡಿಕೆಯನ್ನು ಆ ಬಲಗೈಯಲ್ಲೇ ಹಿಡಿಯುತ್ತಿದ್ದರು, ಎಡಗೈಯಲ್ಲಿ ಹಿಡಿಯಿರಿ ಎಂದರೆ ಕೇಳುತ್ತಿರಲಿಲ್ಲ. ಒಂದು ನೋಟ್‌ಬುಕ್ಕಿನಲ್ಲಿ ಪ್ರತಿ ಸಲದ ತೂಕ, ವೇಗ, ಗಾಳಿ, ರೆಕ್ಕೆಯ ಹಿಂದೆ ಬಿಚ್ಚಿಕೊಳ್ಳುವ ಫ್ಲಾಪಿನ ಅಳತೆ ಬರೆಸುತ್ತಿದ್ದರು. ಬರೆಯುತ್ತಿದ್ದವಳೂ ನಾನೇ.

"ಎಲ್ಲ್ಯೋ ಲೆಕ್ಕ ತಪ್ಪೇತಿ," ಎನ್ನುವರು. "ಮಷೀನ್ ಹಂಗ ಸುಮ್ಮ ಸುಮ್ಮನ ತಪ್ಪಂಗಿಲ್ಲ. ನಾಳೆ ಸ್ಪೀಡ್ ಸ್ವಲ್ಪ ಇಳಿಸಿ ನೋಡೂಣು."

ಹೀಗೆ ಎಂಟು ತಿಂಗಳು ಕಳೆಯಿತು. ಕೈ ಸ್ವಲ್ಪ ಸುಧಾರಿಸಿತ್ತು. ಹೆಬ್ಬೆರಳು ಅಲುಗುತ್ತಿತ್ತು, ಲೋಟ ಹಿಡಿಯುತ್ತಿದ್ದರು. ಫಿಜಿಯೋಥೆರಪಿಯವನು ಖುಷಿಯಾಗಿದ್ದ. ಅಷ್ಟರಲ್ಲಿ ಮೇಲಿನ ಹುಡುಗಿಯ ಆಫೀಸು ಬದಲಾಗಿ ಅವಳು ಗಚ್ಚಿಬೌಲಿಯ ಕಡೆ ಮನೆ ಮಾಡಿಕೊಂಡು ಹೋದಳು. ಕಂಪ್ಯೂಟರನ್ನು ನಮಗೇ ಬಿಟ್ಟಳು.

ಇವರು ಊಟ ಮಾಡಿ ಗುಳಿಗೆ ತೆಗೆದುಕೊಂಡು ಮಧ್ಯಾಹ್ನ ಎರಡು ತಾಸು ಮಲಗುತ್ತಿದ್ದರು. ಎಲ್ಲಿ ತಪ್ಪಾಗುತ್ತಿದೆ ಎಂದು ನಾನೇ ನೋಡಿ ಹೇಳಿದರೆ ಇವರಿಗೆ ಅನುಕೂಲವಾದೀತು ಎಂದುಕೊಂಡು ಒಂದು ದಿನ ಆ ಕುರ್ಚಿಯಲ್ಲಿ ಕೂತೆ. ನಾನು ಅಂದುಕೊಂಡದ್ದು ನಿಜಕ್ಕೂ ಅಷ್ಟೇ. ಮೊದಲ ನಾಲ್ಕು ಮಧ್ಯಾಹ್ನ ನನ್ನ ಕೈಯಲ್ಲೂ ವಿಮಾನ ಬಿತ್ತು. ಐದನೆಯ ದಿನ, ಹಿಂದಿನ ಸಂಜೆ ಅವರು ಬರೆಸಿದ್ದ ಅಂಕಿಗಳನ್ನೇ ಹಾಕಿಕೊಂಡು, ಹುಸೇನ್ ಸಾಗರದ ನೀರು ದಾಟಿ ಬಂದೆ. ರನ್‌ವೇ ನೆಟ್ಟಗೆ ಎದುರಿಗಿತ್ತು. ಆಟೋಪೈಲಟ್ ಬಿಡಿಸಿದೆ. ಕಂಪ್ಯೂಟರಿನೊಳಗಿನ ಗಂಡಸಿನ ದನಿ ಐವತ್ತು, ನಲವತ್ತು, ಮೂವತ್ತು ಎಂದು ಇಂಗ್ಲಿಷಿನಲ್ಲಿ ಎತ್ತರ ಎಣಿಸುತ್ತಿತ್ತು. ಹಿಡಿಕೆಯನ್ನು ಒಂದಿಷ್ಟೇ ಹಿಂದಕ್ಕೆಳೆದೆ. ಗಾಲಿ ನೆಲಕ್ಕೆ ತಾಗಿದ ಸದ್ದು ಬಂತು. ವಿಮಾನ ಓಡಿತು, ನಿಧಾನವಾಯಿತು, ಬಿಳಿ ಗೆರೆಯ ಮೇಲೆ ನಿಂತಿತು. ಬಾಯಿಯ ಮೇಲೆ ಸೆರಗು ಒತ್ತಿಕೊಂಡು ಒಬ್ಬಳೇ ನಕ್ಕೆ. ಅಷ್ಟು ಸಂತೋಷ ನನಗೆ ಯಾವತ್ತೂ ಆಗಿರಲಿಲ್ಲ, ಇದ್ದದ್ದನ್ನು ಇದ್ದ ಹಾಗೇ ಹೇಳುತ್ತಿದ್ದೇನೆ.

ತಿರುಗಿ ನೋಡಿದರೆ ಅವರು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ.

"ಯಾವ ಲೆಕ್ಕಕ್ಕ ಇಳಿಸಿದಿ?" ಎಂದು ಕೇಳಿದರು.

"ನೀವು ನಿನ್ನೆ ಬರಸಿದ್ದೇ ರೀ."

"ಏನೂ ಬದಲ ಮಾಡಿಲ್ಲ?"

"ಇಲ್ರಿ."

"ಸ್ಪೀಡು?"

"ಅದೂ ನಿಮ್ಮದೇ ರೀ."

"ಹಂಗಾರ ಲೆಕ್ಕ ಬರೋಬ್ಬರಿ ಐತಿ," ಎಂದು ಹೇಳಿ, ಗೋಡೆ ಹಿಡಿದುಕೊಂಡು ಹಾಸಿಗೆಗೆ ಮರಳಿದರು.

ಆ ಮಾತಿನ ಅರ್ಥ ನನಗೆ ಆಗಲೇ ಹೊಳೆಯಲಿಲ್ಲ. ಚಹಾ ಕುದಿಸುತ್ತಿದ್ದಾಗ ಹೊಳೆಯಿತು. ವೇಗ ಸ್ವಲ್ಪ ಹೆಚ್ಚು ಇಟ್ಟಿದ್ದೆ ಎಂದು ಒಂದು ಸುಳ್ಳು ಹೇಳಿದ್ದರೆ ತಪ್ಪು ಲೆಕ್ಕದ ಮೇಲೆಯೇ ಉಳಿಯುತ್ತಿತ್ತು. ಒಲೆಯ ಮುಂದೆ ನಿಂತು ಆ ಸುಳ್ಳನ್ನು ಹೊಂದಿಸಿಕೊಂಡೆ ಕೂಡ. ಆದರೆ ಚಹಾ ಕೊಡುವಾಗ ಅವರ ಮುಖ ನೋಡಿದರೆ ಬಾಯಿ ಬರಲಿಲ್ಲ. ಇಪ್ಪತ್ತಾರು ವರ್ಷ ಮೀಟರು ಪರೀಕ್ಷಿಸಿದವರ ಮುಂದೆ ಅದು ನಡೆಯುತ್ತಲೂ ಇರಲಿಲ್ಲ.

ಸಂಜೆ ಕಂಪ್ಯೂಟರ್ ಹಚ್ಚಿ ಕರೆದೆ. "ಇನ್ಮ್ಯಾಲೆ ನೀನ ಹಾರಿಸು. ನಾ ನೋಡ್ತೀನಿ," ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಎಷ್ಟು ಕೇಳಿಕೊಂಡರೂ ಕುರ್ಚಿಗೆ ಬರಲಿಲ್ಲ. ಮೂರು ದಿನ ಹಾಗೇ ಆಯಿತು. ನಾಲ್ಕನೆಯ ದಿನ ನಾನು ಬೇಕೆಂದೇ ವಿಮಾನವನ್ನು ಓರೆ ಮಾಡಿ ಹುಲ್ಲಿಗೆ ಕೆಡವಿದೆ. "ಅಯ್ಯ, ನನಗೂ ಬರಲಿಲ್ಲ ನೋಡ್ರಿ. ಅವತ್ತ ಸುಮ್ಮನ ಹೆಂಗೋ ಆಗಿತ್ತು," ಎಂದೆ.

ಹಾಸಿಗೆಯಿಂದಲೇ ಹೇಳಿದರು, "ಬೇಕಂತ ಬೀಳಿಸಬ್ಯಾಡ. ಅದರಾಗ ನೂರೈವತ್ತು ಮಂದಿ ಅದಾರ."

ಆಮೇಲೆ ನಾನು ಅದನ್ನು ಹಚ್ಚಲಿಲ್ಲ.

ಹಿಡಿಕೆ ಹಿಡಿಯುವುದು ನಿಂತ ಮೇಲೆ ಬಲಗೈ ಮತ್ತೆ ಮುದುಡತೊಡಗಿತು. ಬೆರಳುಗಳು ಅಂಗೈಯೊಳಗೆ ಮಡಚಿಕೊಂಡವು. ದಿನಾ ಬಿಸಿನೀರಿನಲ್ಲಿ ಒಂದೊಂದೇ ಬಿಡಿಸುತ್ತಿದ್ದೆ. ಫಿಜಿಯೋಥೆರಪಿಯವನು ತೆಲುಗಿನಲ್ಲಿ ನನ್ನನ್ನೇ ಗದರಿದ, ಇಷ್ಟು ಚೆನ್ನಾಗಿದ್ದ ಕೈಯನ್ನು ಯಾಕೆ ಬಿಟ್ಟಿರಿ ಎಂದು. ಅವರಿಗೆ ಬೇಸರ ಬಂತಂತೆ ಎಂದು ಹೇಳಿದೆ. ಇವರು ಪಕ್ಕದಲ್ಲೇ ಕೂತಿದ್ದರು.

ಒಂದು ಬೆಳಿಗ್ಗೆ ಅವರ ಗಡ್ಡ ಕೆರೆಯುತ್ತಿದ್ದಾಗ ತಡೆಯಲಾರದೆ ಕೇಳಿದೆ, "ನನ್ನ ಮ್ಯಾಲೆ ಸಿಟ್ಟೈತೇನ್ರಿ ನಿಮಗ?"

"ಸಿಟ್ಟ್ಯಾಕ?" ಎಂದರು. "ನೀ ಚಲೋ ಇಳಿಸಿದಿ. ನನ್ನ ಕೈ ಹೋಗೇತಿ ಅಂತ ನನಗ ಗೊತ್ತಿರಲಿಲ್ಲ. ಗೊತ್ತಾತು, ಅಷ್ಟ."

ಸೋಪಿನ ನೊರೆ ಅವರ ಕೆನ್ನೆಯ ಮೇಲೆ ಒಣಗುವವರೆಗೆ ಬ್ಲೇಡು ಹಿಡಿದು ನಿಂತೇ ಇದ್ದೆ.

ಅದಾಗಿ ವರ್ಷ ತುಂಬುವುದರೊಳಗೆ ಎರಡನೆಯ ಸಲ ಲಕ್ವಾ ಹೊಡೆಯಿತು. ಆಸ್ಪತ್ರೆಯಲ್ಲಿ ಹನ್ನೊಂದು ದಿನ ಇದ್ದರು. ಈ ಸಲ ಮಾತು ಮರಳಲಿಲ್ಲ. ಹನ್ನೆರಡನೆಯ ದಿನ ಬೆಳಿಗ್ಗೆ ತೀರಿಹೋದರು.

ವಾರದ ನಂತರ ಕುಂದಾಪುರದ ಹುಡುಗಿ ಬಂದಳು. ಮದುವೆ ಗೊತ್ತಾಗಿತ್ತಂತೆ, ಅದನ್ನು ಹೇಳಲು ಸಂಕೋಚಪಟ್ಟಳು. ನಡುಮನೆಯಲ್ಲಿ ಬಟ್ಟೆ ಹೊದಿಸಿಟ್ಟಿದ್ದ ಕಂಪ್ಯೂಟರನ್ನು ನೋಡಿ ಕಣ್ಣೊರೆಸಿಕೊಂಡಳು.

"ಆಂಟಿ, ಅಂಕಲ್ ಕಡೆಗೂ ಇಳಿಸಿದ್ರಾ?" ಎಂದು ಕೇಳಿದಳು.

"ಇಳಿಸಿದ್ರವ್ವಾ," ಎಂದೆ. "ಒಂದು ಮಧ್ಯಾಹ್ನ. ಭಾಳ ಚಲೋ ಇಳಿಸಿದ್ರು."

"ಎಷ್ಟು ಒಳ್ಳೇದಾಯ್ತು," ಎಂದು ಅವಳು ನನ್ನ ಕೈ ಹಿಡಿದುಕೊಂಡಳು. ಹೇಗೆ ಇಳಿಸಿದರು, ಏನು ಹೇಳಿದರು ಎಂದೆಲ್ಲ ಕೇಳಿದಳು. ಕೇಳಿದ್ದಕ್ಕೆಲ್ಲ ಒಂದೊಂದಾಗಿ ಹೇಳುತ್ತ ಹೋದೆ.